ಆಯ್ದಕ್ಕಿ ಲಕ್ಕಮ್ಮನ ಗೃಹಧರ್ಮ

ಶಿವಶರಣೆಯರ ವಚನಗಳನ್ನು ಕುರಿತು ಬರೆಯುವವರ ದೃಷ್ಟಿ ಮೊದಲು ಅಕ್ಕಮಹಾದೇವಿಯ ಕಡೆಗೆ ಹೋಗುವುದು ಸಹಜ. ಮನೆ, ಮದುವೆ, ಉಡುಗೆಗಳೆಲ್ಲವನ್ನೂ ತೊರೆದು ಹೊರಟವಳ ಧೈರ್ಯವು ಎಂಥವರ ಕಣ್ಣನ್ನೂ ಸೆಳೆಯತಕ್ಕದ್ದು. ಆದರೆ ಮನೆಯನ್ನು ಬಿಡದೆ, ಮೊರ ಒಲೆಗಳನ್ನು ಬಿಡದೆ, ದಿನದಿನದ ನಡೆಯಿಂದಲೇ ಹೆಣ್ಣಿನ ವಿಷಯದ ಲೋಕದ ಎಣಿಕೆಯನ್ನು ಸುಳ್ಳುಮಾಡಿದ ಶರಣೆಯರೂ ಆ ಕಾಲದಲ್ಲಿಯೇ ಇದ್ದರು. ಅವರಲ್ಲಿ ಆಯ್ದಕ್ಕಿ ಲಕ್ಕಮ್ಮನು ಮುಖ್ಯಳು. ಆಕೆಗೆ ಮೆಚ್ಚುಗೆ ಸಂದಿದೆ. ಸಂದಷ್ಟು ಮೆಚ್ಚುಗೆಗೆ ತಕ್ಕ ವಿಮರ್ಶೆ ಸಂದಿಲ್ಲ.

ಲಕ್ಕಮ್ಮನೂ ಆಕೆಯ ಪತಿ ಮಾರಯ್ಯನೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಕಡೆಯಿಂದ ೧೨ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದವರೆಂದು ಪರಂಪರೆಯ ಹೇಳಿಕೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಅದನ್ನು ಹಸನುಮಾಡಿ ಅಟ್ಟು ದಾಸೋಹ ನಡೆಸುವುದು ಲಕ್ಕಮ್ಮನದು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಳಗೆ ಕೊಳ್ಳಲಿಲ್ಲ. ಆಸೆಯು ಅರಸರಿಗೆ ಸಲ್ಲುವುದು, ಭಕ್ತರಿಗೇಕೆ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದಳು.

ಈ ಪ್ರಸಂಗವನ್ನು ಓದಿ ನಿರಾಶೆಯ, ಎಂದರೆ ಆಸೆಯಿಲ್ಲದಿರುವಿಕೆಯ, ಮಹಿಮೆಯನ್ನು ಕೊಂಡಾಡುವುದು ರೂಢಿ. ಆದರೆ ಇಲ್ಲಿ ಗಮನಿಸಬೇಕಾದುದು ಬೇರೊಂದಿದೆ. ಗಂಡಸು ಗಳಿಸುವವನು, ಹೆಂಗಸು ಕೂಡಿಡುವವಳು. ಅವನಿಗೆ ವಿವೇಕ, ಅವಳಿಗೆ ಆಸೆ: ಇದು ಗಾದೆಗಳಲ್ಲಿಯೂ ಕಥೆಗಳಲ್ಲಿಯೂ ಬೇರೂರಿದ ಭಾವನೆ. ಲಕ್ಕಮ್ಮನ ಮನೆಯಲ್ಲಿ ಇದು ತಲೆಕೆಳಗಾಯಿತು. ಮನೆಗೆ ಎಷ್ಟು ಬರಬೇಕು, ಎಷ್ಟು ಬರಬಾರದು ಎಂಬ ಅಳತೆಯನ್ನು ನಿಶ್ಚಯಿಸಿದವಳು ಹೆಂಡತಿ. ಅದನ್ನು ಆಕೆ ಅಡುಗೆಯ ಲೆಕ್ಕವಾಗಿ ಹೇಳದೆ ಧರ್ಮದ ಲೆಕ್ಕವಾಗಿ ಹೇಳಿದಳು. ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತಾಗ, ಕಾಯಕವು ನಿಂತಿದೆಯೆಂದು ಎಚ್ಚರಿಸಿ ಕಳುಹಿಸಿದವಳೂ ಆಕೆಯೇ. ಆಕೆಯ ಮಾತಿನ ರೀತಿಯನ್ನು ನೋಡಬೇಕು: ಸಂಬೋಧನೆಯಲ್ಲಿ ಪತಿಗೆ ಸಲ್ಲುವ ಗೌರವ ಪೂರ್ಣವಾಗಿದೆ, ಕ್ರಿಯಾಪದದಲ್ಲಿ ಆಜ್ಞೆ ಸ್ಪಷ್ಟವಾಗಿದೆ. ಎರಡೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ನಿಂತಿವೆ. ಆಕೆಯ ಗದ್ಯದ ಸೊಗಸು ಇದೇ.

ಆಕೆಯ ಅಂಕಿತದಲ್ಲಿ ಮಾರಯ್ಯನ ಹೆಸರು ಸೇರಿರುವುದನ್ನು ತೋರಿಸಿ, ಇವಳು ಪತಿವ್ರತೆಯ ಮಾದರಿಯೇ ಹೊರತು ಬೇರೇನೂ ಅಲ್ಲವೆಂದು ವಾದಿಸುವವರುಂಟು. ಈ ವಾದವು ನಿಲ್ಲುವಂತಿಲ್ಲ. ಸತಿ ಪತಿ ಎಂಬ ಹೆಸರುಗಳು ಕೂಟಕ್ಕೆ ಮಾತ್ರ ಸಲ್ಲುವುವು, ಅರಿವಿಗೆ ಬೇರೆ ಬೇರೆ ಒಡಲಿಲ್ಲವೆಂಬ ಅರ್ಥದ ವಚನವೂ ಅದೇ ಅಂಕಿತದಲ್ಲಿಯೇ ಇದೆ. ಪತಿಯ ಹೆಸರನ್ನು ಹೊತ್ತ ಅಂಕಿತವು ಪತಿಯನ್ನೇ ತಿದ್ದುವ ಮಾತಿಗೆ ಮುದ್ರೆಯಾಗಿರುವಾಗ, ಅದನ್ನು ಅಧೀನತೆಯ ಗುರುತೆನ್ನುವುದು ಹೇಗೆ?

ಒಂದು ವಿಷಯದಲ್ಲಿ ಎಚ್ಚರ ಬೇಕು. ಈ ವಚನಗಳನ್ನು ಸಂವಾದವಾಗಿ ಹೆಣೆದು ಕಥೆಯ ರೂಪ ಕೊಟ್ಟುದು ೧೫ನೆಯ ಶತಮಾನದಲ್ಲಿ ಮೊದಲಾದ ಶೂನ್ಯಸಂಪಾದನೆಗಳು. ಆದುದರಿಂದ ಸನ್ನಿವೇಶದ ಪ್ರತಿಯೊಂದು ವಿವರವನ್ನೂ ಇತಿಹಾಸವೆಂದು ಹಿಡಿಯಲಾಗದು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದಂದಿನಿಂದ ವಚನಗಳನ್ನು ಬಿಡಿಯಾಗಿ ಓದುವ ಸೌಕರ್ಯ ಒದಗಿದೆ. ಲಕ್ಕಮ್ಮನವೆಂದು ದೊರೆತಿರುವ ೨೫ ವಚನಗಳನ್ನು ಕಥೆಯಿಂದ ಬೇರ್ಪಡಿಸಿ ಓದಿದರೂ ಆ ಅಧಿಕಾರದ ಧ್ವನಿ ಕುಂದುವುದಿಲ್ಲ.

ಈ ಧ್ವನಿ ಒಬ್ಬಳದೇ ಅಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದು ಆಣೆಯಿಟ್ಟಳು. ಮೊಲೆ ಮುಡಿಗಳಿಂದ ಹೆಣ್ಣನ್ನೂ, ಮೀಸೆ ಕಠಾರಿಗಳಿಂದ ಗಂಡನ್ನೂ ನಿರ್ಣಯಿಸಬಾರದೆಂಬ ಅಭಿಪ್ರಾಯವೂ ಅವಳದೇ. ನೂಲುವ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿಯೂ ಒಂದೊಂದು ತತ್ತ್ವವನ್ನು ಕಂಡಳು. ಕೈಯ ಕೆಲಸವೇ ಇವರಿಗೆ ಶಾಸ್ತ್ರಗ್ರಂಥವಾಯಿತು.

ಹಾಗೆಂದು ಇವರ ಕಾಲವನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಲಕ್ಕಮ್ಮನ ಮನೆಯಲ್ಲಿಯೂ ಒಲೆಯ ಮುಂದೆ ಕುಳಿತವಳು ಲಕ್ಕಮ್ಮನೇ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂಬ ತತ್ತ್ವವು ಕೆಲಸದ ಬೆಲೆಯನ್ನು ಬದಲಾಯಿಸಿತು. ಆದರೆ ಈ ಮನೆಯ ಮಟ್ಟಿಗೆ, ಯಾರು ಯಾವ ಕೆಲಸ ಮಾಡಬೇಕೆಂಬ ಹಂಚಿಕೆಯನ್ನು ಅಷ್ಟಾಗಿ ಬದಲಾಯಿಸಿದಂತೆ ಕಾಣದು. ಇದನ್ನು ಮರೆಮಾಚುವ ಸ್ತುತಿಯಿಂದ ವಚನಕ್ಕೂ ಲಾಭವಿಲ್ಲ, ಓದುವವರಿಗೂ ಲಾಭವಿಲ್ಲ.

ಅಂದಿನ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅದಕ್ಕೂ ಹುಮನಾಬಾದಿಗೂ ಹೊಂದಿದ ಸೀಮೆಯ ಘಾಟಬೋರಾಳದಂಥ ಊರುಗಳಲ್ಲಿ ಜೋಳ ತೊಗರಿಗಳು ಮೊರಕ್ಕೆ ಬಂದೇ ಮಡಕೆಗೆ ಹೋಗುವುವು. ಕಾಳು ಹಸನುಮಾಡುವವಳಿಗೆ, ಮನೆಯಲ್ಲಿರುವುದು ಎಷ್ಟು ದಿನಕ್ಕೆ ಸಾಕಾದೀತೆಂಬುದು ಕೈಯಳತೆಯಿಂದಲೇ ತಿಳಿದಿರುತ್ತದೆ. ಆದರೆ ಮಾರುವುದೆಷ್ಟು, ಸಾಲ ತರುವುದೆಷ್ಟು, ಮಗಳ ಮದುವೆಗೆ ಹೊಲ ಒತ್ತೆಯಿಡುವುದು ಯುಕ್ತವೋ ಅಲ್ಲವೋ ಎಂಬ ಮಾತು ಬಂದಾಗ ಅವಳನ್ನು ಕೇಳುವ ಮನೆಗಳೆಷ್ಟು? ಶರಣರ ಜಯಂತಿಯ ದಿನ ಲಕ್ಕಮ್ಮನನ್ನು ಆದರ್ಶ ಗೃಹಿಣಿಯೆಂದು ಹೊಗಳುವುದು ಸುಲಭ. ಆಕೆ ಗೃಹಿಣಿಯಾದುದು ಗಂಡನು ತಂದುದನ್ನು ಬೇಯಿಸಿದ್ದರಿಂದಲ್ಲ. ತಂದುದು ಎಲ್ಲಿಂದ, ಏಕೆ, ಎಷ್ಟು ಎಂದು ಕೇಳಿದ್ದರಿಂದ. ಅವನೂ ಆ ಪ್ರಶ್ನೆಯನ್ನು ಅವಮಾನವೆಂದು ತಿಳಿಯದೆ ಅಕ್ಕಿಯನ್ನು ಹೊತ್ತು ಹಿಂದಕ್ಕೆ ಹೋದನು. ಈ ವಚನಗಳನ್ನು ಓದುವ ಸಂಸಾರಗಳು ಲಕ್ಕಮ್ಮನಷ್ಟೇ ಮಾರಯ್ಯನಿಂದಲೂ ಕಲಿಯಬೇಕಾದುದಿದೆ.