ಗ್ರಾಮಸಭೆಯ ಸದಸ್ಯೆಗೆ ಸ್ವಯಂಸೇವಕಿಯ ಬ್ಯಾಡ್ಜು

ಜನವರಿ 25ರ ಬೆಳಗ್ಗೆ ನಮ್ಮ ಪದವಿ ಕಾಲೇಜುಗಳ ಅಂಗಳದಲ್ಲಿ ವಿದ್ಯಾರ್ಥಿಗಳು ಸಾಲಾಗಿ ನಿಂತು, ಬಲಗೈ ಮುಂದೆ ಚಾಚಿ, ಮತದಾರರ ಪ್ರತಿಜ್ಞೆ ಹೇಳುತ್ತಾರೆ. ರಾಷ್ಟ್ರೀಯ ಮತದಾರರ ದಿನದ ಈ ಆಚರಣೆ 2011ರಿಂದ ನಡೆದುಬಂದಿದೆ. ಪ್ರತಿಜ್ಞೆ ಮುಗಿದ ಮೇಲೆ ಜಾಥಾ, ರಂಗೋಲಿ, ಭಾಷಣ ಸ್ಪರ್ಧೆ. ಚುನಾವಣೆ ಹತ್ತಿರವಿದ್ದರೆ ಇದೇ ಮಕ್ಕಳು ಸ್ವೀಪ್ ಕಾರ್ಯಕ್ರಮದ ಟೋಪಿ ಹಾಕಿಕೊಂಡು ಹಳ್ಳಿಗಳಿಗೂ ಹೋಗುತ್ತಾರೆ. ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ದಶಕಗಳೇ ಕಳೆದಿರುವ ನಮ್ಮ ರಾಜ್ಯದಲ್ಲಿ, ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ ಊರಿನ ರಾಜಕೀಯದ ಪರಿಚಯ ಮಾಡಿಸುವ ಹೊಣೆ ಬಹುಮಟ್ಟಿಗೆ ಇಂಥ ಕಾರ್ಯಕ್ರಮಗಳ ಮೇಲೆ, ಅವನ್ನು ನಡೆಸುವ ಎನ್ನೆಸ್ಸೆಸ್ ಘಟಕಗಳ ಮೇಲೆ ಬಿದ್ದಿದೆ. ಆ ಹೊಣೆಯನ್ನು ಅವು ಹೇಗೆ ನಿಭಾಯಿಸುತ್ತಿವೆ ಎಂದು ಬಿಚ್ಚಿ ನೋಡಬೇಕಾಗಿದೆ.

ಮೊದಲು ಜಾಥಾದ ವಿಚಾರ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ. 73 ದಾಟಿತು. ಚಿಕ್ಕಬಳ್ಳಾಪುರ, ರಾಮನಗರದಂಥ ಜಿಲ್ಲೆಗಳಲ್ಲಿ ಅದು ಶೇ. 85ರ ಆಸುಪಾಸಿನಲ್ಲಿತ್ತು, ಬೆಂಗಳೂರು ನಗರದಲ್ಲಿ ಶೇ. 55ರ ಸುತ್ತಮುತ್ತ. ತಪ್ಪದೆ ಮತ ಹಾಕಿ ಎಂಬ ಫಲಕ ಹಿಡಿದು ಹಳ್ಳಿಯ ಬೀದಿಯಲ್ಲಿ ಸಾಗುವ ಮಕ್ಕಳು, ಹಾಗಾದರೆ, ಒಂದು ಚುನಾವಣೆಯನ್ನೂ ತಪ್ಪಿಸದ ಅಜ್ಜಿಯರಿಗೆ ಮತದಾನದ ಪಾಠ ಹೇಳುತ್ತಿದ್ದಾರೆ. ಆ ಜನಕ್ಕೆ ಬೇಕಾದ ನೆರವೇ ಬೇರೆ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಬೂತಿನಲ್ಲೇ ಇರುತ್ತದೆ. ತೀರಿಕೊಂಡವರ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ, ಬದುಕಿರುವವರದು ಬಿಟ್ಟುಹೋಗಿರುತ್ತದೆ. ನಮೂನೆ 6 ಯಾರಿಗೆ, ನಮೂನೆ 8 ಯಾವುದಕ್ಕೆ ಎಂದು ತಿಳಿದು, ತುಂಬಿ, ಬಿಎಲ್‌ಒ ಕೈಗೆ ಮುಟ್ಟಿಸುವವರು ಬೇಕು. ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು 2022ರಿಂದ ಜಾರಿಯಲ್ಲಿವೆ, ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು ಎಂದು ಮನೆಮನೆಗೆ ಹೇಳುವವರು ಬೇಕು. ಇದನ್ನು ಶ್ರದ್ಧೆಯಿಂದ ಮಾಡುವ ಕಾಲೇಜುಗಳೂ ಇವೆ. ಆದರೆ ಘಟಕದ ವಾರ್ಷಿಕ ವರದಿಯಲ್ಲಿ ಜಾಥಾಕ್ಕೆ ಸಿಗುವ ಜಾಗ ಈ ಕೆಲಸಕ್ಕೆ ಸಿಗುವುದಿಲ್ಲ. ಅದು ನನಗೆ ನೋವಿನ ಸಂಗತಿ.

ಎನ್ನೆಸ್ಸೆಸ್ ಬಗ್ಗೆ ನನಗಿರುವ ಗೌರವವನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾದ ಯೋಜನೆ ಅದು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ನಡುವೆ ದತ್ತು ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರ. ಬೇರೆ ಬೇರೆ ಜಾತಿಯ ಮಕ್ಕಳು ಸರ್ಕಾರಿ ಶಾಲೆಯ ಒಂದೇ ಕೊಠಡಿಯಲ್ಲಿ ಜಮಖಾನ ಹಾಸಿ ಮಲಗಿ, ಒಂದೇ ಪಾತ್ರೆಯ ಚಿತ್ರಾನ್ನ ತಿಂದು, ಬೆಳಗ್ಗೆ ಎದ್ದು ಕಲ್ಯಾಣಿಯ ಹೂಳೆತ್ತುವುದು ಸಣ್ಣ ವಿಷಯವೇನಲ್ಲ. ಮನೆಯಲ್ಲಿ ಪೊರಕೆ ಮುಟ್ಟದ ಹುಡುಗರು ಅಲ್ಲಿ ಪೊರಕೆ ಹಿಡಿಯುತ್ತಾರೆ. ಹಾಗಾಗಿ ಶಿಬಿರದ ಮೇಲೆ ನನ್ನ ದೂರಿಲ್ಲ. ಸ್ಥಳೀಯ ಆಡಳಿತದ ಕಲಿಕೆಯನ್ನು ಶಿಬಿರದ ಅಚ್ಚಿಗೆ ಹಾಕಿರುವುದರ ಮೇಲಿದೆ.

ಶಿಬಿರಕ್ಕೆ ಹೋದವರು ದಿನಚರಿ ಬರೆಯಬೇಕು. ರಾಜ್ಯಶಾಸ್ತ್ರದ ಮೇಷ್ಟ್ರಾದ್ದರಿಂದ ಅವನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಹುಪಾಲು ಒಂದೇ ಥರ ಇರುತ್ತವೆ: ಧ್ವಜಾರೋಹಣ, ಶ್ರಮದಾನ, ಅತಿಥಿಗಳ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ, ಗ್ರಾಮಸ್ಥರ ಸಹಕಾರಕ್ಕೆ ಧನ್ಯವಾದ. ಅವುಗಳ ನಡುವೆ, ತುಮಕೂರು ಸೀಮೆಯ ಒಂದು ಹಳ್ಳಿಗೆ ಹೋಗಿದ್ದ ಬಿ.ಎ. ಎರಡನೇ ವರ್ಷದ ಹುಡುಗಿಯ ದಿನಚರಿ ನನ್ನನ್ನು ಹಿಡಿದು ನಿಲ್ಲಿಸಿತು. ಶಿಬಿರದ ನಡುವೆ ಆ ಊರಿನಲ್ಲಿ ವಾರ್ಡ್ ಸಭೆ ಬಿದ್ದಿತ್ತು. ಇವಳ ಅಕ್ಷರ ದುಂಡಗಿದೆ ಎಂದು ಹಾಜರಿ ಪುಸ್ತಕ ಕೈಗೆ ಕೊಟ್ಟು ಕೂರಿಸಿದರು.

ಪುಸ್ತಕ ಕೈಯಲ್ಲಿದ್ದುದರಿಂದ ಸಭೆ ಅವಳಿಗೆ ಒಳಗಿನಿಂದ ಕಂಡಿದೆ. ಶಾಲೆಯ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳಲ್ಲಿ ಗಂಡಸರು. ಹೆಂಗಸರು ಜಗಲಿಯ ಕೆಳಗೆ ಹೊಂಗೆ ಮರದ ನೆರಳಲ್ಲಿ. ಕೋರಂ ಎಷ್ಟಿರಬೇಕು, ಹೆಂಗಸರು ಎಷ್ಟು ಮಂದಿ ಇರಬೇಕು ಎಂದು ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಬಂದವರೆಲ್ಲ ಸಹಿ ಹಾಕಿದ ಮೇಲೂ ಪುಟದಲ್ಲಿ ಜಾಗ ಉಳಿದಿತ್ತು. ವಾಟರ್‌ಮನ್ ಪುಸ್ತಕ ಇಸಕೊಂಡು ಬೀದಿಗೆ ಹೋಗಿ, ಮನೆಗಳಲ್ಲಿದ್ದವರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದ. ಅಷ್ಟರಲ್ಲಿ ಸಭೆಯಲ್ಲಿ ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಓದುವುದು ಅರ್ಧ ಮುಗಿದಿತ್ತು. ಮರದ ಕೆಳಗಿನಿಂದ ಒಬ್ಬ ಹೆಂಗಸು ಎದ್ದು, ತನ್ನ ಮನೆ ಮುಂದೆ ಚರಂಡಿ ನೀರು ನಿಲ್ಲುವುದನ್ನು ಹೇಳಿದಳು. ಈ ಸಲ ಕ್ರಿಯಾ ಯೋಜನೆಗೆ ಹಾಕ್ತೀವಮ್ಮ ಎಂದರು ಕಾರ್ಯದರ್ಶಿ. ಆಕೆಯ ಉತ್ತರವನ್ನು ಹುಡುಗಿ ಹಾಗೆಯೇ ಬರೆದುಕೊಂಡಿದ್ದಾಳೆ: "ಹೋದ್ ವರ್ಷಾನೂ ಹಿಂಗೇ ಬರ್ಕಂಡ್ರಿ ಸ್ವಾಮಿ. ಆ ಪುಸ್ತಕ ತೆಗ್ದು ಓದಿ, ನನ್ ಮಾತು ಅದ್ರಾಗೆ ಐತಾ ನೋಡಾನ."

ಯಾರೂ ತೆಗೆದು ಓದಲಿಲ್ಲ. ಮರುದಿನ ಹುಡುಗಿಯೇ ಪಂಚಾಯ್ತಿ ಕಚೇರಿಗೆ ಹೋಗಿ ಹಳೆಯ ನಡಾವಳಿ ತೋರಿಸಿ ಎಂದು ಕೇಳಿದ್ದಾಳೆ. ಅಲ್ಲಿದ್ದ ನೌಕರರೊಬ್ಬರು ತೋರಿಸಿದರು ಕೂಡ. ವಾರ್ಡಿನ ಚರಂಡಿ ಸ್ವಚ್ಛತೆಯ ಬಗ್ಗೆ ಚರ್ಚಿಸಲಾಯಿತು ಎಂಬ ಒಂದು ಸಾಲು ಅದರಲ್ಲಿತ್ತು. ಯಾರು ಕೇಳಿದರು, ಯಾರ ಮನೆಯಿಂದ ಎಲ್ಲಿಯವರೆಗೆ, ಎಷ್ಟು ಉದ್ದ ಎಂಬ ಯಾವ ವಿವರವೂ ಇರಲಿಲ್ಲ. ಅವಳು ಆ ರಾತ್ರಿ ಬರೆದ ಪ್ರಶ್ನೆ ಇದು: ಎಲ್ಲಿಯ ಚರಂಡಿ ಎಂದು ಬರೆಯದೆ ಇದ್ದರೆ, ಊರಿನ ಯಾವ ಚರಂಡಿ ಮಾಡಿದರೂ ಆಕೆಯ ಬೇಡಿಕೆ ತೀರಿಸಿದ ಹಾಗೆ ಲೆಕ್ಕ ಬರೆಯಬಹುದಲ್ಲವೆ?

ಸ್ಥಳೀಯ ಆಡಳಿತದ ಬಗ್ಗೆ ನಾವು ಪಠ್ಯದಲ್ಲಿ ಹೇಳಿಕೊಡುವ ಎಷ್ಟೋ ಪುಟಗಳಿಗಿಂತ ಈ ಪ್ರಶ್ನೆ ಮೇಲು. ಅಧಿಕಾರ ವಿಕೇಂದ್ರೀಕರಣ, ಜನರ ಪಾಲ್ಗೊಳ್ಳುವಿಕೆ ಎಂದು ಪರೀಕ್ಷೆಯಲ್ಲಿ ಬರೆಯುವ ಮಕ್ಕಳಿಗೆ, ಒಬ್ಬ ಹೆಂಗಸಿನ ಮಾತು ಸಭೆಯಿಂದ ನಡಾವಳಿಗೆ ಹೋಗುವಾಗ ಏನಾಗುತ್ತದೆ ಎಂಬುದು ತಿಳಿದಿರುವುದಿಲ್ಲ. ಇವಳಿಗೆ ತಿಳಿಯಿತು, ಅದೂ ಯಾರೂ ಹೇಳಿಕೊಡದೆ. ಆದರೆ ಏಳನೇ ದಿನ ಸಮಾರೋಪವಾಗಿ ಬಸ್ಸು ಹತ್ತಿದ್ದಾಯಿತು; ದಿನಚರಿಯೂ ಅಲ್ಲಿಗೆ ನಿಂತಿತು. ಆಕೆಯ ಚರಂಡಿ ಕ್ರಿಯಾ ಯೋಜನೆಗೆ ಸೇರಿತೆ, ಇಲ್ಲವೆ, ಹುಡುಗಿಗೆ ಗೊತ್ತಿಲ್ಲ.

ಈ ನಿಲುಗಡೆಯೇ ನನ್ನ ಮುಖ್ಯ ತಕರಾರು. ಪಂಚಾಯ್ತಿಯ ಕೆಲಸಕ್ಕೆ ಅದರದೇ ಆದ ಕಾಲಗತಿ ಇದೆ. ಗ್ರಾಮಸಭೆ ಕಡೇಪಕ್ಷ ಆರು ತಿಂಗಳಿಗೊಮ್ಮೆ ಸೇರಬೇಕು. ಲೆಕ್ಕಪತ್ರಗಳನ್ನು ಜನರ ಮುಂದಿಡುವ ಜಮಾಬಂದಿ ವರ್ಷಕ್ಕೊಂದು ಸಲ, ಆಗಸ್ಟ್ ಸೆಪ್ಟೆಂಬರಿನಲ್ಲಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಪ್ರತಿ ಕೇಳಿದರೂ ಉತ್ತರಕ್ಕೆ 30 ದಿನಗಳ ಗಡುವು. ಏಳು ದಿನದ ಶಿಬಿರದೊಳಗೆ ಇವುಗಳಲ್ಲಿ ಒಂದೂ ಹಿಡಿಯುವುದಿಲ್ಲ. ಬೇಡಿಕೆ ಇಡುವುದನ್ನು ಮಾತ್ರ ನೋಡಿ ಬಂದ ವಿದ್ಯಾರ್ಥಿ, ಅದು ಬಿದ್ದುಹೋಗುವುದನ್ನಾಗಲಿ, ಯಾರೋ ಹಟ ಹಿಡಿದು ಅದನ್ನು ಎಬ್ಬಿಸಿ ನಿಲ್ಲಿಸುವುದನ್ನಾಗಲಿ ನೋಡುವುದೇ ಇಲ್ಲ. ರಾಜಕೀಯ ನಿಜವಾಗಿ ನಡೆಯುವುದು ಆ ನಡುವಿನ ತಿಂಗಳುಗಳಲ್ಲಿ.

ಇನ್ನೊಂದು ವಿಷಯ ಇದಕ್ಕಿಂತ ಮೂಲದ್ದು. ಸಂವಿಧಾನದ 243ನೇ ವಿಧಿಯ ಪ್ರಕಾರ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸೇರಿ ಗ್ರಾಮಸಭೆ. 61ನೇ ತಿದ್ದುಪಡಿ ಜಾರಿಗೆ ಬಂದ 1989ರಿಂದ ಮತದಾನದ ವಯಸ್ಸು 18. ಆ ಹುಡುಗಿಗೆ ಆಗಲೇ ಹತ್ತೊಂಬತ್ತು ತುಂಬಿತ್ತು. ಪಕ್ಕದ ತಾಲ್ಲೂಕಿನಲ್ಲಿರುವ ತನ್ನ ಊರಿನಲ್ಲಿ ಅವಳು ಗ್ರಾಮಸಭೆಯ ಪೂರ್ಣ ಸದಸ್ಯೆ. ಅಧ್ಯಕ್ಷರನ್ನು, ಪಿಡಿಒರನ್ನು ನಿಲ್ಲಿಸಿ ಕೇಳುವ ಹಕ್ಕು ಅವಳಿಗಿದೆ. ನಿಮ್ಮೂರಿನ ವಾರ್ಡ್ ಸಭೆಗೆ ಹೋಗಿದ್ದೀಯಾ ಎಂದು ಕೇಳಿದೆ. ಅದು ಯಾವಾಗ ನಡೆಯುತ್ತದೆ ಎಂಬುದೇ ಗೊತ್ತಿಲ್ಲ ಸರ್ ಎಂದಳು. ಸ್ವಂತ ಊರಿನಲ್ಲಿ ಹಕ್ಕಿರುವವಳನ್ನು ನಾವು ಹಕ್ಕಿಲ್ಲದ ಊರಿಗೆ ಕರೆದೊಯ್ದು, ಎದೆಗೆ ಸ್ವಯಂಸೇವಕಿಯ ಬ್ಯಾಡ್ಜು ಚುಚ್ಚಿದ್ದೇವೆ. ಪಂಚಾಯ್ತಿ ಕಚೇರಿಯಲ್ಲಿ ಅವಳಿಗೆ ಯಾರೋ ಹೇಳಿದ ಮಾತೂ ದಿನಚರಿಯಲ್ಲಿದೆ: ಕ್ಯಾಂಪಿಗೆ ಬಂದಿರೋರು ನೀವು, ಇದೆಲ್ಲ ರಾಜಕೀಯ, ನಿಮಗ್ಯಾಕಮ್ಮ? ಅವಳದೇ ಊರಿನ ಕಚೇರಿಯಾಗಿದ್ದರೆ ಈ ಮಾತಿಗೆ ನೆಲೆಯೇ ಇರುತ್ತಿರಲಿಲ್ಲ.

ಕರ್ನಾಟಕಕ್ಕೆ ಇದು ಒಗ್ಗದ ಕೆಲಸ ಎನ್ನುವಂತೆಯೂ ಇಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿಯ ಸುತ್ತ ಭೀಮಸಂಘದ ದುಡಿಯುವ ಮಕ್ಕಳು 1990ರ ದಶಕದಲ್ಲೇ ಮಕ್ಕಳ ಪಂಚಾಯ್ತಿ ಕಟ್ಟಿಕೊಂಡು ಊರ ಸಮಸ್ಯೆಗಳನ್ನು ಲೆಕ್ಕಹಾಕಿ ಹಿರಿಯರ ಮುಂದಿಟ್ಟವರು. ಆಮೇಲೆ ಮಕ್ಕಳ ಗ್ರಾಮಸಭೆ ರಾಜ್ಯದ ಪಂಚಾಯ್ತಿಗಳಲ್ಲೆಲ್ಲ ನಡೆಯಬೇಕೆಂದು ಸರ್ಕಾರವೇ ಸುತ್ತೋಲೆ ಹೊರಡಿಸಿತು. ಎಂಟನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು ಶಾಲೆಯ ಕಾಂಪೌಂಡು, ಶೌಚಾಲಯದ ನೀರು ಕೇಳುತ್ತಾಳೆ. ಪಿಡಿಒ ಎದ್ದು ನಿಂತು ಉತ್ತರ ಕೊಡುತ್ತಾರೆ. ಅದೇ ಹುಡುಗಿ ಪಿಯುಸಿ ದಾಟಿ, ಮತದ ಹಕ್ಕು ಪಡೆದು, ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಆ ಎಳೆ ಕಡಿದುಹೋಗುತ್ತದೆ. ಕಾಲೇಜು ಅವಳಿಗೆ ಪೀಠಿಕೆ ಓದಿಸುತ್ತದೆ, ಪ್ರತಿಜ್ಞೆ ಹೇಳಿಸುತ್ತದೆ. ಪ್ರಶ್ನೆ ಕೇಳುವ ಅಭ್ಯಾಸವನ್ನು ಮುಂದುವರಿಸಲು ಜಾಗ ಕೊಡುವುದಿಲ್ಲ.

ರಾಜಕೀಯದಿಂದ ಮಕ್ಕಳನ್ನು ದೂರ ಇಡುವುದೇ ಒಳ್ಳೆಯದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಭಯ ಪೊಳ್ಳಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆದರೂ ಯಾರು ಯಾವ ಕಡೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಅನ್ಯರ ಊರಿನಲ್ಲಿ ನಡಾವಳಿ ಕೇಳುವುದು ಸುಲಭ. ಸ್ವಂತ ಊರಿನಲ್ಲಿ ಸದಸ್ಯರು ಚಿಕ್ಕಪ್ಪನೇ ಆಗಿರಬಹುದು. ಅಪ್ಪನ ಮನೆಯ ಇ-ಸ್ವತ್ತು, ಅಜ್ಜಿಯ ಪಿಂಚಣಿ ಅದೇ ಕಚೇರಿಯ ಮೇಜಿನ ಮೇಲಿರಬಹುದು. ಹುಡುಗಿಯಾದರೆ ಸಭೆಯಲ್ಲಿ ಬಾಯಿ ಮಾಡಿದಳು ಎಂಬ ಮಾತು ಗಂಡಿನ ಕಡೆಯವರ ಕಿವಿಗೆ ಬೀಳುತ್ತದೆ ಎಂದು ತಾಯಿ ಹೆದರುತ್ತಾಳೆ. ದಲಿತ ಕೇರಿಯ ಹುಡುಗ ಸ್ಮಶಾನದ ದಾರಿ ಕೇಳಿದರೆ ಅದರ ಬೆಲೆ ಇನ್ನೂ ಹೆಚ್ಚು. ಇಷ್ಟೆಲ್ಲ ಇರುವುದರಿಂದಲೇ ಒಬ್ಬೊಬ್ಬರನ್ನೇ ಬಿಡದೆ, ಆ ಪಂಚಾಯ್ತಿ ವ್ಯಾಪ್ತಿಯ ಮೂರು ನಾಲ್ಕು ವಿದ್ಯಾರ್ಥಿಗಳನ್ನು ಜೊತೆ ಮಾಡಿ, ಕಾಲೇಜಿನ ಪತ್ರ ಕೊಟ್ಟು, ಬೆನ್ನಿಗೆ ಒಬ್ಬ ಅಧ್ಯಾಪಕರನ್ನು ನಿಲ್ಲಿಸಬೇಕು. ಪಂಚಾಯ್ತಿಗೆ ಸ್ಪರ್ಧಿಸುವ ಕನಿಷ್ಠ ವಯಸ್ಸು 21. ಪದವಿ ಮುಗಿಯುವುದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ. ಮೂರು ವರ್ಷ ನಮ್ಮ ಕೈಯಲ್ಲಿದ್ದು ನಡಾವಳಿ ಪುಸ್ತಕವನ್ನೇ ನೋಡದ ಹುಡುಗರು ಆ ವಯಸ್ಸಿಗೆ ಸಿಗುವುದು ಊರ ಪುಢಾರಿಯ ಬೈಕ್ ರ‍್ಯಾಲಿಗೆ. ದೂರ ಇಟ್ಟಿದ್ದರಿಂದ ಅವರು ರಾಜಕೀಯದಿಂದ ಪಾರಾಗಲಿಲ್ಲ, ಅದರ ಅತಿ ಕೆಳಗಿನ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡರು.

ಬೆಂಗಳೂರಿನ ಮಕ್ಕಳ ಪಾಡು ಬೇರೆ. 2015ರ ಆಗಸ್ಟಿನಲ್ಲಿ ಬಿಬಿಎಂಪಿಗೆ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲಿನ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾಲ. ತಮ್ಮ ಬೀದಿಯ ಕಾರ್ಪೊರೇಟರ್ ಯಾರೆಂದು ಹೇಳಲು ಹೆಸರೇ ಇಲ್ಲದೆ ಪದವಿ ಮುಗಿಸಿದ ತಲೆಮಾರು ಅಲ್ಲಿದೆ. ಅವರ ಮುಂದೆ ನಿಂತು ಮತದಾನದ ಪವಿತ್ರತೆಯ ಬಗ್ಗೆ ಭಾಷಣ ಮಾಡುವ ಮೊದಲು, ಯಾಕೆ ಚುನಾವಣೆ ನಡೆಯಲಿಲ್ಲ ಎಂಬ ಪ್ರಶ್ನೆಗೆ ಉತ್ತರಿಸುವ ಪ್ರಾಮಾಣಿಕತೆ ನಮ್ಮಲ್ಲಿರಬೇಕು.

ಹಳ್ಳಿಯ ಮಟ್ಟಿಗೆ ಹೇಳುವುದಾದರೆ, ಬೇಕಾದ ಬದಲಾವಣೆ ದೊಡ್ಡದಲ್ಲ. ವರ್ಷದ 120 ಗಂಟೆಗಳಲ್ಲಿ ಅರ್ಧವನ್ನು ವಿದ್ಯಾರ್ಥಿ ತನ್ನದೇ ಪಂಚಾಯ್ತಿಯಲ್ಲಿ ಕಳೆಯಲಿ. ವಾರ್ಡ್ ಸಭೆ, ಗ್ರಾಮಸಭೆ, ಜಮಾಬಂದಿ ಮೂರನ್ನೂ ನೋಡಲಿ. ಒಂದೇ ಒಂದು ಬೇಡಿಕೆಯನ್ನು ಆರಿಸಿಕೊಂಡು, ಅದು ನಡಾವಳಿಯಲ್ಲಿ ಹೇಗೆ ಬರೆಯಲ್ಪಟ್ಟಿತು, ಕ್ರಿಯಾ ಯೋಜನೆಗೆ ಬಂತೆ, ಬರದಿದ್ದರೆ ಯಾರು ಏನು ಕಾರಣ ಕೊಟ್ಟರು ಎಂದು ಎರಡು ವರ್ಷ ಹಿಂಬಾಲಿಸಿ ಬರೆಯಲಿ. ಬೇಡಿಕೆ ಈಡೇರದಿದ್ದರೂ ಆ ದಿನಚರಿಗೆ ಪೂರ್ಣ ಅಂಕ ಸಿಗಬೇಕು. ಇದಕ್ಕೆಲ್ಲ ಅಡ್ಡ ನಿಂತಿರುವುದು ನಮ್ಮದೇ ನಿಯಮ: ಈ ಸಭೆಗಳು ಸಾಮಾನ್ಯವಾಗಿ ಕೆಲಸದ ದಿನ ಬೀಳುತ್ತವೆ, ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಕ್ರೀಡಾಕೂಟಕ್ಕೆ, ಯುವಜನೋತ್ಸವಕ್ಕೆ ಹೋದವರಿಗೆ ಹಾಜರಿ ಕೊಡುವ ವಿಶ್ವವಿದ್ಯಾಲಯಗಳು ಸ್ವಂತ ಊರಿನ ಗ್ರಾಮಸಭೆಗೆ ಹೋದ ದಿನಕ್ಕೂ ಕೊಡಲಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅನುದಾನವೂ ಬೇಕಿಲ್ಲ, ಕುಲಸಚಿವರ ಒಂದು ಸುತ್ತೋಲೆ ಸಾಕು.