ದೊಡ್ಡಮ್ಮನ ಮನೆಯ ಲ್ಯಾಬ್ರಡಾರ್

ಪ್ರತಿ ಬಳಗದಲ್ಲೂ ಅಂಥದ್ದೊಂದು ಮನೆ ಇರುತ್ತದೆ. ಗೇಟು ತೆಗೆದ ಸದ್ದಿಗೆ ನಾಯಿ ಬೊಗಳುತ್ತದೆ, ಆದರೆ ಎದ್ದು ಬರುವುದಿಲ್ಲ. ಸೊಂಟ ಇರಬೇಕಾದ ಜಾಗದಲ್ಲಿ ಸೊಂಟವಿಲ್ಲ. ಬೆನ್ನ ಮೇಲೆ ಕಾಫಿ ಲೋಟ ಇಟ್ಟರೂ ಬೀಳದಷ್ಟು ಅಗಲ. ಕೇಳಿದರೆ ದೊಡ್ಡಮ್ಮನ ಉತ್ತರ ಸಿದ್ಧ: "ಏನೂ ತಿನ್ನೋದೇ ಇಲ್ಲ ಕಣೋ, ಗಾಳಿ ಕುಡಿದ್ರೂ ದಪ್ಪ ಆಗ್ತಾನೆ." ಈ ಮಾತು ಮುಗಿಯುವ ಮೊದಲೇ ಅವರ ಕೈಯಲ್ಲಿದ್ದ ಮಾರಿ ಬಿಸ್ಕತ್ತು ನಾಯಿಯ ಬಾಯಲ್ಲಿರುತ್ತದೆ. ಬಂದ ನೆಂಟರು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ, ದಿನಾ ವಾಕಿಂಗ್ ಕರೆದುಕೊಂಡು ಹೋಗಿ ಅಂತ. ನನ್ನ ಪ್ರಕಾರ ಈ ಸಲಹೆ ತಪ್ಪು ತುದಿಯಿಂದ ಶುರುವಾಗುತ್ತದೆ. ಸಾಕಿದ ನಾಯಿಯ ತೂಕ ಏರುವುದೂ ಇಳಿಯುವುದೂ ಹೆಚ್ಚಿನ ಮಟ್ಟಿಗೆ ಅದರ ತಟ್ಟೆಯಲ್ಲಿ, ಬೀದಿಯಲ್ಲಲ್ಲ. ದೊಡ್ಡಮ್ಮನ ಸ್ವಭಾವವನ್ನೂ ಬದಲಾಯಿಸಬೇಕಿಲ್ಲ. ಅವರು ಯಾವ ಡಬ್ಬಿಗೆ ಕೈ ಹಾಕುತ್ತಾರೆ ಎಂಬುದನ್ನು ಬದಲಾಯಿಸಿದರೆ ಸಾಕು.

ಮೊದಲು ಲೆಕ್ಕ ನೋಡೋಣ. 30 ಕಿಲೊ ಇರಬೇಕಾದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಹೆಚ್ಚು ಓಡಾಟವಿಲ್ಲದ ಲ್ಯಾಬ್ರಡಾರ್‌ಗೆ ದಿನಕ್ಕೆ ಸುಮಾರು 1,200 ಕ್ಯಾಲರಿ ಸಾಕು. ಅಂಗಡಿಯಲ್ಲಿ ಸಿಗುವ ಒಣ ಆಹಾರದಲ್ಲಿ 100 ಗ್ರಾಂಗೆ 350 ಕ್ಯಾಲರಿಯ ಆಸುಪಾಸು ಇರುವುದರಿಂದ, ಎರಡು ಹೊತ್ತಿಗೆ ಸೇರಿ 340 ಗ್ರಾಂ ಹಾಕಿದರೆ ಆ ದಿನದ ಕೋಟಾ ಮುಗಿಯಿತು. ದೊಡ್ಡಮ್ಮ ಅದನ್ನು ತಪ್ಪದೆ ಹಾಕುತ್ತಾರೆ, ಬಹಳ ಸಲ ಅಳತೆಯಿಲ್ಲದೆ, ಕಣ್ಣಂದಾಜಿನಲ್ಲಿ. "ಊಟ" ಎಂದು ಅವರ ಲೆಕ್ಕಕ್ಕೆ ಬರುವುದು ಅಷ್ಟೇ. ಬೆಳಗಿನ ಕಾಫಿಯ ಜೊತೆ ಹೋಗುವ ನಾಲ್ಕು ಮಾರಿ ಬಿಸ್ಕತ್ತು ಊಟವಲ್ಲ. ತಿಂಡಿಯ ಹೊತ್ತಿಗೆ ಕೊನೆಯಲ್ಲಿ ಉಳಿದ ತುಪ್ಪದ ದೋಸೆ ಊಟವಲ್ಲ. ಮಧ್ಯಾಹ್ನ ಪಾತ್ರೆಯ ತಳದಲ್ಲಿದ್ದ ಮೊಸರನ್ನ, ಸಂಜೆಯ ರಸ್ಕು, ರಾತ್ರಿ ಒಂದು ಚಪಾತಿ, ಯಾವುದೂ ಊಟವಲ್ಲ. ಆದರೆ ಒಂದು ಮಾರಿಯಲ್ಲಿ 25ರಷ್ಟು ಕ್ಯಾಲರಿ ಇದೆ, ಒಂದು ಚಮಚ ತುಪ್ಪದಲ್ಲಿ 45, ಒಂದು ಚಪಾತಿಯಲ್ಲಿ ಸುಮಾರು 100, ಒಂದು ಬಟ್ಟಲು ಮೊಸರನ್ನದಲ್ಲಿ 200ರ ಹತ್ತಿರ. ಎಲ್ಲ ಕೂಡಿಸಿದರೆ 600 ದಾಟುತ್ತದೆ, ಅಂದರೆ ದಿನದ ಅಗತ್ಯದ ಮೇಲೆ ಇನ್ನೂ ಅರ್ಧ. ಪಶುವೈದ್ಯರು ಹೇಳುವ ಮಿತಿ, ಇಂಥ ಕುರುಕಲು ಒಟ್ಟು ಕ್ಯಾಲರಿಯ ಶೇ. 10ರ ಒಳಗಿರಬೇಕು ಎಂದು. ಇನ್ನು ನಾವು ಪೊಮೆರೇನಿಯನ್ ಎಂದೇ ಕರೆಯುವ ಇಂಡಿಯನ್ ಸ್ಪಿಟ್ಸ್ ಆಗಿದ್ದರೆ ಕತೆಯೇ ಬೇರೆ. 7 ಕಿಲೊ ನಾಯಿಗೆ ದಿನಕ್ಕೆ ಬೇಕಾದದ್ದೇ 400ರ ಚಿಲ್ಲರೆ ಕ್ಯಾಲರಿ; ತುಪ್ಪ ಸವರಿದ ಒಂದು ಚಪಾತಿ ಅದರ ಮೂರನೇ ಒಂದು ಭಾಗವನ್ನು ನುಂಗಿಹಾಕುತ್ತದೆ. ಇದರ ಮೇಲೆ ಮನೆಗೆಲಸದಾಕೆ ಒಂದು, ಮೊಮ್ಮಗ ಒಂದು, ಟಿ.ವಿ. ಮುಂದೆ ಕೂತ ದೊಡ್ಡಪ್ಪ ಕದ್ದುಮುಚ್ಚಿ ಎರಡು. ಪ್ರತಿಯೊಬ್ಬರೂ ತಾವು ಕೊಟ್ಟಿದ್ದು ಒಂದೇ ಒಂದು ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಈಗ ವಾಕಿಂಗ್‌ಗೆ ಬರೋಣ. ನಡೆಯುವ ನಾಯಿ ಒಂದು ಕಿಲೊಮೀಟರಿಗೆ, ತನ್ನ ಮೈತೂಕದ ಪ್ರತಿ ಕಿಲೊಗೆ ಹೆಚ್ಚುಕಡಿಮೆ ಒಂದು ಕ್ಯಾಲರಿ ಖರ್ಚು ಮಾಡುತ್ತದೆ. 30 ಕಿಲೊ ನಾಯಿಯನ್ನು ಎರಡು ಕಿಲೊಮೀಟರ್ ನಡೆಸಿದರೆ 60 ಕ್ಯಾಲರಿ. ಎರಡೂವರೆ ಮಾರಿ ಬಿಸ್ಕತ್ತು! ಹಾಗೆಂದ ಮಾತ್ರಕ್ಕೆ ವಾಕಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ನಾಯಿಗೆ ಮೂಸುವುದಕ್ಕೆ ಬೀದಿ ಬೇಕು, ಸ್ನಾಯು ಉಳಿಯಲು ನಡಿಗೆ ಬೇಕು, ತಲೆ ಚುರುಕಾಗಿರಲು ನಾಲ್ಕು ಹೊಸ ವಾಸನೆ ಬೇಕು. ದಿನವಿಡೀ ಸಿಟ್‌ಔಟಿನ ಗ್ರಿಲ್ಲಿನ ಹಿಂದೆ ಬಿದ್ದಿರುವ ನಾಯಿಗೆ ಆ ಅರ್ಧ ಗಂಟೆಯ ಬೆಲೆ ಕ್ಯಾಲರಿಯಲ್ಲಿ ಅಳೆಯುವಂಥದ್ದಲ್ಲ. ಆದರೆ ತೂಕ ಇಳಿಸುವ ಹೊಣೆಯನ್ನೆಲ್ಲ ಅದರ ಮೇಲೆ ಹೊರಿಸಿದರೆ ಆಗುವುದೇ ಬೇರೆ. ಮಂಡಿ ನೋವಿನ ಅರುವತ್ತೈದರ ಹೆಂಗಸು, ಕಲ್ಲುಚಪ್ಪಡಿ ಎದ್ದ ಫುಟ್‌ಪಾತು, ಮೂಲೆಯಲ್ಲಿ ಕಾದಿರುವ ಬೀದಿನಾಯಿಗಳ ಗುಂಪು, ಚೈನಿನ ತುದಿಯಲ್ಲಿ ಎಳೆಯುವ 40 ಕಿಲೊ. ಇದು ನಾಲ್ಕು ದಿನ ನಡೆದು ಐದನೆಯ ದಿನಕ್ಕೆ ನಿಲ್ಲುವ ಯೋಜನೆ. ಜೊತೆಗೆ, ಬೊಜ್ಜಿನ ನಾಯಿಯನ್ನು ಏಕಾಏಕಿ ಓಡಿಸಿದರೆ ಪೆಟ್ಟು ಬೀಳುವುದು ಅದರ ಕೀಲುಗಳಿಗೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಾದರೆ ಜೀವಕ್ಕೇ ಅಪಾಯ. ವಾಕಿಂಗ್ ತಪ್ಪಿತೆಂಬ ಅಪರಾಧಿ ಭಾವಕ್ಕೆ ಇನ್ನೊಂದು ಬಿಸ್ಕತ್ತು ಕೊಡುವವರೂ ಇದ್ದಾರೆ.

"ಇರೋಷ್ಟು ದಿನ ತಿಂದುಂಡು ಸುಖವಾಗಿರಲಿ ಬಿಡಿ, ಮೂಕಪ್ರಾಣಿ" ಎಂಬ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಅದರಲ್ಲಿ ಕರುಣೆ ಇದೆ. ಆದರೆ ಇದಕ್ಕೆ ಪುರಾವೆ ಸ್ಪಷ್ಟವಾಗಿದೆ. 1987ರಲ್ಲಿ ಅಮೆರಿಕದಲ್ಲಿ ಪ್ಯೂರಿನಾ ಸಂಸ್ಥೆ 48 ಲ್ಯಾಬ್ರಡಾರ್ ಮರಿಗಳನ್ನು, ಒಂದೇ ಸೂಲಿನಲ್ಲಿ ಹುಟ್ಟಿದವನ್ನು ಜೋಡಿ ಮಾಡಿ, ಅಧ್ಯಯನಕ್ಕೆ ತೆಗೆದುಕೊಂಡಿತು. ಜೋಡಿಯಲ್ಲಿ ಒಂದಕ್ಕೆ, ಇನ್ನೊಂದು ತಿಂದದ್ದಕ್ಕಿಂತ ಶೇ. 25ರಷ್ಟು ಕಡಿಮೆ. ಆಹಾರ ಅದೇ, ತಾಯಿತಂದೆ ಅವೇ, ಇರುವ ಜಾಗವೂ ಅದೇ. ಬದುಕಿರುವವರೆಗೂ ಹೀಗೆಯೇ ನಡೆಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ತಿಂದವುಗಳದ್ದು 13. ನನಗೆ ಇದಕ್ಕಿಂತ ಮುಖ್ಯವೆನಿಸುವ ಅಂಕಿ ಬೇರೆ. ಸಂಧಿವಾತಕ್ಕೆ ನಿತ್ಯ ಔಷಧಿ ಬೇಕಾಗುವ ಸ್ಥಿತಿಗೆ ಮೊದಲ ಗುಂಪಿನ ಅರ್ಧದಷ್ಟು ನಾಯಿಗಳು 10.3 ವರ್ಷಕ್ಕೇ ಬಂದಿದ್ದವು. ಎರಡನೆಯ ಗುಂಪು ಅಲ್ಲಿಗೆ ತಲುಪಿದ್ದು 13.3ಕ್ಕೆ. ಅಂದರೆ ಹೆಚ್ಚು ತಿಂದ ನಾಯಿ ಬೇಗ ಸಾಯುವುದಷ್ಟೇ ಅಲ್ಲ, ಇರುವ ದಿನಗಳಲ್ಲೂ ಬೇಗನೆ ನೋವಿಗೆ ಬೀಳುತ್ತದೆ. ಎಂಟು ವರ್ಷದ ನಾಯಿ ಮೆಟ್ಟಿಲು ಹತ್ತದೆ ಕೆಳಗೇ ಕೂತರೆ ನಾವು "ವಯಸ್ಸಾಯ್ತು" ಅಂದುಬಿಡುತ್ತೇವೆ. ಎಷ್ಟೋ ಸಲ ಅದು ವಯಸ್ಸಲ್ಲ, ಹತ್ತು ಕಿಲೊ ಹೆಚ್ಚುವರಿ ಹೊರೆ. ನಾಯಿಗಳ ಆಹಾರ ಮಾರುವ ಕಂಪನಿಯೇ ಕಡಿಮೆ ಹಾಕಿ ಎಂಬ ತೀರ್ಮಾನಕ್ಕೆ ಬಂದದ್ದು ಈ ಅಧ್ಯಯನದ ಮೇಲಿನ ನನ್ನ ನಂಬಿಕೆಯನ್ನು ಹೆಚ್ಚಿಸಿದೆ.

ನಮ್ಮ ಕಣ್ಣೂ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಸುತ್ತಮುತ್ತ ದಪ್ಪ ನಾಯಿಗಳನ್ನೇ ನೋಡಿ ನೋಡಿ ಅದೇ ಸರಿಯಾದ ಆಕಾರ ಎನಿಸತೊಡಗಿದೆ. ಬಾಗಲಕೋಟೆ ಕಡೆಯ ಮುಧೋಳ ನಾಯಿಯನ್ನು ಬೆಂಗಳೂರಿನ ಬಡಾವಣೆಯಲ್ಲಿ ನಡೆಸಿಕೊಂಡು ಹೋದರೆ "ಊಟ ಹಾಕಲ್ವೇನ್ರೀ?" ಎಂದು ಕೇಳುವವರಿಗೆ ಬರವಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತನ್ನದೇ ಸಂಶೋಧನಾ ಕೇಂದ್ರವಿರುವ ತಳಿ ಅದು. ಒಳಸೇರಿದ ಹೊಟ್ಟೆ, ತೆಳುವಾಗಿ ಕಾಣುವ ಪಕ್ಕೆಲುಬು ಅದರ ಆರೋಗ್ಯದ ಗುರುತೇ ಹೊರತು ಉಪವಾಸದ್ದಲ್ಲ. ಲ್ಯಾಬ್ರಡಾರ್‌ಗೆ ಅಷ್ಟು ಕಾಣಬೇಕಿಲ್ಲ, ನಿಜ. ಅದಕ್ಕೆ ಕಣ್ಣಿಗಿಂತ ಕೈ ವಾಸಿ. ಎಡಗೈಯನ್ನು ಮುಂದೆ ಚಾಚಿ, ಹಸ್ತದ ಹಿಂಭಾಗದಲ್ಲಿ ಬೆರಳುಗಳ ಬುಡದ ಕೆಳಗೆ ಬಲಗೈ ಬೆರಳಾಡಿಸಿ ನೋಡಿ. ತೆಳುವಾದ ಚರ್ಮದಡಿ ಎಲುಬು ಒಂದೊಂದಾಗಿ ಸಿಗುತ್ತದಲ್ಲ, ನಾಯಿಯ ಪಕ್ಕೆ ಮುಟ್ಟಿದಾಗಲೂ ಹಾಗೆಯೇ ಸಿಗಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣು ಎದ್ದಂತೆ ಸಿಕ್ಕರೆ ನಾಯಿ ಬಡಕಲು. ಅಂಗೈ ತಿರುವಿ ಬೆರಳ ಬುಡದ ಉಬ್ಬನ್ನು ಒತ್ತಿದಂತೆ, ಅದುಮಿದರಷ್ಟೇ ಎಲುಬು ಇದೆಯೆಂದು ಗೊತ್ತಾಗುವಂತಿದ್ದರೆ ಬೊಜ್ಜು. ನಾಯಿಯನ್ನು ಮುದ್ದಾಡುವ ನೆಪದಲ್ಲಿ ದೊಡ್ಡಮ್ಮನ ಎದುರೇ ಈ ಪರೀಕ್ಷೆ ಮಾಡಬಹುದು, ಯಾರಿಗೂ ಬೇಜಾರಾಗುವುದಿಲ್ಲ.

"ಆದ್ರೂ ಅದಕ್ಕೆ ಹಸಿವು, ನೋಡ್ಕೊಂಡು ಕೂತಿರುತ್ತೆ, ಗಂಟಲಲ್ಲಿ ಹೇಗ್ರೀ ಇಳಿಯುತ್ತೆ?" ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ, ಮತ್ತು ದೊಡ್ಡಮ್ಮನ "ಗಾಳಿ ಕುಡಿದ್ರೂ ದಪ್ಪ" ಕೂಡ ಪೂರ್ತಿ ಸುಳ್ಳಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಲೆನರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಲ್ಯಾಬ್ರಡಾರ್‌ಗಳಲ್ಲಿ ನಾಲ್ಕರಲ್ಲಿ ಒಂದರಷ್ಟಕ್ಕೆ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಇರುವುದಿಲ್ಲ. 2024ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ನಾಯಿಗಳಿಗೆ ಊಟಗಳ ನಡುವೆ ಹಸಿವು ಹೆಚ್ಚು, ವಿಶ್ರಾಂತಿಯಲ್ಲಿರುವಾಗ ಖರ್ಚಾಗುವ ಶಕ್ತಿ ಸುಮಾರು ಕಾಲು ಭಾಗ ಕಡಿಮೆ ಎಂದು ಕಂಡುಕೊಂಡಿತು. ಹಸಿವೂ ಹೆಚ್ಚು, ಖರ್ಚೂ ಕಡಿಮೆ. ಅದರ ಮೇಲೆ ಸಂತಾನಹರಣವಾದರೆ ಬೇಕಾಗುವ ಆಹಾರ ಇನ್ನಷ್ಟು ತಗ್ಗುತ್ತದೆ. ಕೆಲವು ನಾಯಿಗಳಿಗೆ ಥೈರಾಯ್ಡ್ ತೊಂದರೆಯೂ ಇರುತ್ತದೆ, ಅದನ್ನು ರಕ್ತ ಪರೀಕ್ಷೆಯಿಂದ ತಿಳಿಯಬೇಕು. ಆದರೆ ಇವೆಲ್ಲ ಸೇರಿ ಹೇಳುವುದೇನು? ಇಂಥ ನಾಯಿಗೆ ಅಳತೆ ಇನ್ನೂ ಬಿಗಿಯಾಗಿರಬೇಕು ಎಂದು. ಹೊಟ್ಟೆ ತುಂಬಿತೆಂದು ತಾನಾಗಿ ನಿಲ್ಲಿಸಲಾರದ ಪ್ರಾಣಿಯ ಪರವಾಗಿ ಇನ್ನೊಬ್ಬರು ನಿಲ್ಲಿಸಬೇಕು. ಅದು ಮುಖ ನೋಡುತ್ತಾ ಕೂತದ್ದು ಹಸಿವಿಗೋ ಅಭ್ಯಾಸಕ್ಕೋ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಕೊಟ್ಟರೆ ನಾಳೆಯೂ ಕೂರುತ್ತದೆ ಎಂಬುದಂತೂ ಖಚಿತ.

ಅನ್ನ ಹಾಕುವುದೇ ತಪ್ಪು, ಪ್ಯಾಕೆಟ್ ಆಹಾರವೊಂದೇ ಸರಿ ಎಂಬ ವಾದ ಈಚೆಗೆ ಜೋರಾಗಿದೆ. ಇದಕ್ಕೆ ಹೆಚ್ಚು ಜಾಗ ಕೊಡಲು ನನಗೆ ಇಷ್ಟವಿಲ್ಲ. ಮನುಷ್ಯನ ಜೊತೆ ಬದುಕಿದ ನಾಯಿ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ ಎಂಬುದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ಜೀನ್ ಅಧ್ಯಯನದಿಂದ ಗೊತ್ತಾಗಿದೆ. ಹಳ್ಳಿಯ ಮನೆಗಳಲ್ಲಿ ರಾಗಿಮುದ್ದೆ ತಿಂದು ಹೊಲಗದ್ದೆ ಸುತ್ತುವ ನಾಯಿಗಳು ತೆಳ್ಳಗೇ ಇವೆ. ಪ್ರೋಟೀನು, ಖನಿಜಗಳ ಸಮತೋಲಕ್ಕೆ ವೈದ್ಯರನ್ನು ಕೇಳಿ ಮನೆಯೂಟ ಹಾಕುವುದರಲ್ಲಿ ದೋಷವಿಲ್ಲ. ದೋಷವಿರುವುದು ಪ್ಯಾಕೆಟ್ಟನ್ನೂ ಪೂರ್ತಿ ಹಾಕಿ, ಅದರ ಮೇಲೆ ಮನೆಯೂಟವನ್ನೂ ಹಾಕುವುದರಲ್ಲಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಅಳತೆಯ ಪ್ರಶ್ನೆಯಲ್ಲ, ವಿಷದ ಪ್ರಶ್ನೆ. ಪಾಯಸದ ಬಟ್ಟಲು ನೆಕ್ಕಿಸುವವರು ಇದನ್ನು ನೆನಪಿಡಬೇಕು.

ಹಾಗಾದರೆ ಡಬ್ಬಿಯ ವಿಷಯ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ನಾಯಿಯ ಇಡೀ ದಿನದ ಆಹಾರ ತೂಗಿ ಒಂದು ಡಬ್ಬಿಗೆ ಹಾಕಿಡಬೇಕು. ಅದರಿಂದಲೇ ಒಂದು ಹಿಡಿ ತೆಗೆದು ಸಣ್ಣ ಡಬ್ಬಿಗೆ ತುಂಬಿ ದೊಡ್ಡಮ್ಮನ ಕುರ್ಚಿಯ ಪಕ್ಕ ಇಡಬೇಕು. ಕಾಫಿಯ ಹೊತ್ತಿಗೆ, ಟಿ.ವಿ. ಧಾರಾವಾಹಿಯ ಹೊತ್ತಿಗೆ, ಮನಸ್ಸು ತಡೆಯದಿದ್ದಾಗಲೆಲ್ಲ ಅವರು ಅದರಿಂದ ಒಂದೊಂದೇ ಕಾಳು ಕೊಡಲಿ. ಮನೆಯವರು, ಕೆಲಸದವರು, ಮಕ್ಕಳು, ಕೊಡುವವರೆಲ್ಲ ಅದೇ ಡಬ್ಬಿಯಿಂದ. ಡಬ್ಬಿ ಖಾಲಿಯಾದ ಮೇಲೂ ಕೈ ಸುಮ್ಮನಿರದಿದ್ದರೆ ಸೌತೆಕಾಯಿ ತುಂಡು, ಉಪ್ಪು ಹಾಕದೆ ಬೇಯಿಸಿದ ಹುರುಳಿಕಾಯಿ ಇದೆ. ಇದರಲ್ಲಿ ದೊಡ್ಡಮ್ಮ ಕಳೆದುಕೊಳ್ಳುವುದು ಏನೂ ಇಲ್ಲ. ಮಕ್ಕಳು ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮನೆಯಲ್ಲಿ, ಕೈಯಿಂದ ತಿನ್ನುವ ಒಂದೇ ಜೀವ ಅದಾಗಿರಬಹುದು. ಆ ಸುಖವನ್ನು ಕಿತ್ತುಕೊಳ್ಳುವ ಯಾವ ಪಥ್ಯವೂ ಆ ಮನೆಯಲ್ಲಿ ವಾರಕ್ಕಿಂತ ಹೆಚ್ಚು ಬಾಳದು. ಬೇರೆಯವರ ಮನೆಯ ನಾಯಿಯ ವಿಷಯದಲ್ಲಿ ನಾವೇಕೆ ಮೂಗು ತೂರಿಸಬೇಕು, ಬಳಗದಲ್ಲಿ ಮನಸ್ತಾಪ ಯಾಕೆ ಎಂದು ಕೇಳುವವರಿಗೂ ಇದೇ ಉತ್ತರ. ಉಪದೇಶ ಮಾಡಲು ಹೋದರೆ ಮನಸ್ತಾಪ ಖಂಡಿತ. ಒಂದು ತಕ್ಕಡಿ, ಎರಡು ಡಬ್ಬಿ ತಂದುಕೊಟ್ಟರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಹೇಳಲೇಬೇಕಾದ ಮಾತನ್ನು ವೈದ್ಯರ ಬಾಯಲ್ಲಿ ಹೇಳಿಸಿ. ಹಿರಿಯರು ಅಕ್ಕತಂಗಿಯರ ಮಕ್ಕಳ ಮಾತಿಗಿಂತ ಡಾಕ್ಟರ ಮಾತಿಗೆ ಬೆಲೆ ಕೊಡುತ್ತಾರೆ, ಕೊಡಬೇಕಾದದ್ದೂ ಹಾಗೆಯೇ.

ಆದ್ದರಿಂದ ಮುಂದಿನ ಸಲ ಹೋದಾಗ ನಾಯಿಗೆಂದು ಬಿಸ್ಕತ್ತಿನ ಪೊಟ್ಟಣ ಒಯ್ಯಬೇಡಿ. ಕಾರಿದ್ದರೆ ನಾಯಿಯನ್ನೂ ದೊಡ್ಡಮ್ಮನನ್ನೂ ಹತ್ತಿರದ ಪಶುವೈದ್ಯರಲ್ಲಿಗೆ ಕರೆದೊಯ್ದು, ತಕ್ಕಡಿಯ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದುಬನ್ನಿ. ವಾರಕ್ಕೆ ಮೈತೂಕದ ಶೇ. 1ರಿಂದ 2ರಷ್ಟು ಇಳಿದರೆ ಸಾಕು, ಅದಕ್ಕಿಂತ ಅವಸರ ಒಳ್ಳೆಯದಲ್ಲ. ಮೊದಲ ತಿಂಗಳು ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಬರೆದಿಟ್ಟ ಅಂಕಿಗೆ ಮಾತ್ರ ಗೊತ್ತಾಗುತ್ತದೆ. ಯುಗಾದಿಗೆ 40 ಕಿಲೊ ಇದ್ದ ನಾಯಿ ದೀಪಾವಳಿಯ ಹೊತ್ತಿಗೆ 30ರ ಹತ್ತಿರ ಬರಬಹುದು. ನಡುವೆ ಬರುವ ಗಣೇಶನ ಹಬ್ಬದಲ್ಲಿ ಮಾತ್ರ ಕಡುಬಿನ ಪಾತ್ರೆಯನ್ನು ದಯವಿಟ್ಟು ಎತ್ತರದ ಕಪಾಟಿನಲ್ಲಿಡಿ.