ಟಿಕ್ ಇಲ್ಲದ ಚೌಕ

ಕಲಿಯುವವರಿಗೆ ಪೈಥಾನ್‌ನಷ್ಟು ಸುಲಭ ಬೇರೊಂದಿಲ್ಲ ಎನ್ನುತ್ತಾರೆ. ಭಾಷೆಯ ಮಟ್ಟಿಗೆ ಒಪ್ಪುತ್ತೇನೆ. ಆ ಹೊಗಳಿಕೆಯಲ್ಲಿ ಅದರ ವಿಂಡೋಸ್ ಇನ್‌ಸ್ಟಾಲರ್‌ಗೂ ಪಾಲು ಕೊಡಲಾರೆ. ಭಾಗಮಂಡಲದಿಂದ ಘಾಟಿ ದಾಟಿ ಕೇರಳದ ಗಡಿಯಲ್ಲಿ ಕೂತಿರುವ ಕರಿಕೆಯಲ್ಲಿ ಮಳೆಗಾಲದಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚುವಂತಿಲ್ಲ. ಅಂಥ ಊರಿನಲ್ಲಿ ಕೂತು ನೋಡಿದರೆ ಆ ಇನ್‌ಸ್ಟಾಲರ್‌ನ ದೋಷ ಕಣ್ಣಿಗೆ ಹೊಡೆಯುತ್ತದೆ.

ಮೊದಲ ಪರದೆಯನ್ನೇ ನೋಡಿ. ಮೇಲೆ ಎದ್ದು ಕಾಣುವ ‘ಇನ್‌ಸ್ಟಾಲ್ ನೌ’. ತೀರಾ ಕೆಳಗೆ, ಪೈಥಾನನ್ನು ‘ಪಾತ್‌’ಗೆ, ಅಂದರೆ ಕಮಾಂಡ್‌ಗಳನ್ನು ವಿಂಡೋಸ್ ಹುಡುಕುವ ಜಾಗಗಳ ಪಟ್ಟಿಗೆ, ಸೇರಿಸುವ ಪುಟ್ಟ ಚೌಕ. ಅದಕ್ಕೆ ಟಿಕ್ ಇಲ್ಲ. ಹೊಸಬರು ಮೇಲಿನದನ್ನೇ ಒತ್ತುತ್ತಾರೆ, ಸೆಟಪ್ ಯಶಸ್ವಿ ಎಂಬ ಸಂದೇಶವೂ ಬರುತ್ತದೆ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ, 2019ರಿಂದೀಚಿನ ವಿಂಡೋಸ್ ತೆರೆಯುವುದು ಮೈಕ್ರೋಸಾಫ್ಟ್ ಸ್ಟೋರನ್ನು. ಈಗಷ್ಟೇ ಹಾಕಿಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳಬೇಕೇನೋ ಎಂದು ಹುಡುಗ ಕಂಗಾಲಾಗುತ್ತಾನೆ.

ಎರಡು ಆವೃತ್ತಿಗಳಿದ್ದಾಗ ಗೊಂದಲವಾಗದಿರಲೆಂದೇ ಚೌಕ ಖಾಲಿ ಬಿಟ್ಟಿದ್ದಾರೆ ಎಂದು ಬಲ್ಲವರು ಸಮರ್ಥಿಸುತ್ತಾರೆ. ಎರಡು ಆವೃತ್ತಿ ಇಟ್ಟುಕೊಳ್ಳುವವನಿಗೆ ಟಿಕ್ ತೆಗೆಯುವುದೂ ಗೊತ್ತಿರುತ್ತದೆ. ಏನೂ ಗೊತ್ತಿಲ್ಲದವನ ಮೇಲೆ ಆ ಹೊರೆ ಏಕೆ? ಇನ್‌ಸ್ಟಾಲ್ ಮಾಡುವ ಗೊಡವೆಯೇ ಬೇಡ, ಬ್ರೌಸರ್‌ನಲ್ಲೇ ಕೋಡ್ ಬರೆಯಿರಿ ಎನ್ನುವ ಇನ್ನೊಂದು ಗುಂಪಿದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತುವವರ ನೆನಪು ಇವರಿಗಿಲ್ಲ. ಓದದೆ ಕ್ಲಿಕ್ ಮಾಡುತ್ತಾರೆಂದು ಮಕ್ಕಳನ್ನೇ ದೂರುವವರಿಗೆ ಒಂದೇ ಮಾತು: ಓದಿದರೂ ಪಾತ್ ಎಂದರೇನೆಂದು ಆ ಪರದೆ ಹೇಳುವುದಿಲ್ಲ.

ಹೆಚ್ಚು ಬೇಸರದ ಸಂಗತಿ, ಪರಿಹಾರ ಒಳಗೇ ಇದೆ. 2012ರ 3.3ನೇ ಆವೃತ್ತಿಯಿಂದ ಒಂದು ಲಾಂಚರ್ ಜೊತೆಗೇ ಬರುತ್ತಿದೆ. ಪಿ, ವೈ ಎಂದು ಎರಡಕ್ಷರ ಒತ್ತಿದರೆ ಸಾಕು, ಚೌಕಕ್ಕೆ ಟಿಕ್ ಹಾಕದಿದ್ದರೂ ಪೈಥಾನ್ ಏಳುತ್ತದೆ. ಲಾಂಚರ್‌ನ ಹೆಸರು ಅದೇ ಪರದೆಯಲ್ಲಿದೆ, ಅದೇನು ಮಾಡುತ್ತದೆಂಬ ವಿವರಣೆ ಮಾತ್ರ ಇಲ್ಲ. ಪಾತ್ ಬೇಕೇ ಬೇಕೆಂದರೆ ಇನ್‌ಸ್ಟಾಲರ್ ಫೈಲನ್ನೇ ಮತ್ತೆ ತೆರೆದು ‘ಮಾಡಿಫೈ’ ಒತ್ತಿ, ಅದರ ಎರಡನೇ ಪುಟದಲ್ಲಿ ಟಿಕ್ ಹಾಕಬಹುದು. ಬಳಿಕ ಹೊಸ ಕಮಾಂಡ್ ಪ್ರಾಂಪ್ಟನ್ನೇ ತೆರೆಯಬೇಕು, ಮೊದಲೇ ತೆರೆದಿಟ್ಟದ್ದಕ್ಕೆ ಬದಲಾವಣೆ ತಿಳಿಯುವುದಿಲ್ಲ. ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪಾದರೆ 3.8ರ ನಂತರದ ಆವೃತ್ತಿ ಕೂರುವುದೇ ಇಲ್ಲ.

ಈ ಇನ್‌ಸ್ಟಾಲರ್‌ನ ಒಂದು ಗುಣ ದೊಡ್ಡದು: ಕೋಡ್ ಬರೆಯುವ ಐಡಲ್ ಸಮೇತ ಎಲ್ಲವೂ ಒಂದೇ ಸಣ್ಣ ಫೈಲಿನಲ್ಲಿದೆ, ನೆಟ್ ಇಲ್ಲದೆಯೂ ಕೂರುತ್ತದೆ. 3.16ನೇ ಆವೃತ್ತಿಯಿಂದ ಈ ಇನ್‌ಸ್ಟಾಲರನ್ನೇ ಕೈಬಿಡುತ್ತಿದ್ದಾರೆ. ಬದಲಿಗೆ ಬಂದಿರುವ ಮ್ಯಾನೇಜರ್ ಸಾಮಾನ್ಯವಾಗಿ ಪೈಥಾನನ್ನು ನೆಟ್‌ನಿಂದಲೇ ತರಿಸಿಕೊಳ್ಳುತ್ತದೆ. ಗಡಿ ಊರುಗಳ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಹಳೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಜೋಪಾನವಾಗಿಡಿ, ಆ ಎರಡಕ್ಷರಗಳನ್ನು ಮೊದಲ ಪಾಠದಲ್ಲೇ ಬೋರ್ಡಿನ ಮೇಲೆ ಬರೆಯಿರಿ.